ಹಾಲುಕ್ಕಿಸಿದ ಶೌಚಾಲಯ

ನಮ್ಮ ಮಾಯನಕೊಪ್ಪಲು ಹಳ್ಳಿಯಾಗಿದ್ದಾಗ ಬಸ್ ಸ್ಟ್ಯಾಂಡಿನ ಹೆಂಗಸರು ನೀರು ಕುಡಿಯುತ್ತಿದ್ದರು. ಪಟ್ಟಣವಾದ ಮೇಲೆ ಬಿಟ್ಟರು.

ಹೀಗೆ ಹೇಳಿದರೆ ಊರಿನ ಗಂಡಸರಿಗೆ ಸಿಟ್ಟು ಬರುತ್ತದೆ. ಬರಲಿ. ಬಸ್ ಸ್ಟ್ಯಾಂಡಿನ ಎದುರು ಮೆಷಿನ್ನು ಹಾಕಿಕೊಂಡು ಬ್ಲೌಸು, ಲಂಗ ಹೊಲಿದು ಬದುಕುವವಳು ನಾನು. ಹೆಸರು ಸುಧ. ಸಿಟ್ಟಾದ ಗಂಡಸರ ಮನೆಯ ಬ್ಲೌಸನ್ನೂ ನಾನೇ ಹೊಲಿಯುವುದು, ಹಾಗಾಗಿ ಅವರ ಸಿಟ್ಟು ನನ್ನ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ನಾನು ಹೇಳಹೊರಟಿರುವುದು ಹೂವಿನ ಸರಸಮ್ಮನ ವಿಷಯ. ಅವಳ ಹೆಸರನ್ನು ಊರಿನ ಯಾವ ಕಲ್ಲಿನ ಮೇಲೂ ಕೆತ್ತಿಲ್ಲ. ಕೆತ್ತಬೇಕಾಗಿದ್ದ ಕಲ್ಲಿನ ಮೇಲೆ ಅಧ್ಯಕ್ಷ ಹೊನ್ನಪ್ಪನವರ ಹೆಸರಿದೆ, ಅದರ ಕೆಳಗೆ ಅವರ ಭಾಮೈದನ ಹೆಸರಿದೆ.

ಬೂಕನಕೆರೆ ದಾಟಿ ಪಾಂಡವಪುರದ ಕಡೆ ಹೋಗುವ ಬಸ್ಸುಗಳು ನಮ್ಮೂರಲ್ಲಿ ನಿಲ್ಲುತ್ತವೆ. ಸರಸಮ್ಮ ಬೂಕನಕೆರೆ ಪಕ್ಕದ ಒಂದು ಹಳ್ಳಿಯವಳು. ಗಂಡ ಹೋದ ಮೇಲೆ ಹೂವಿಗೆ ಕೂತವಳು. ಬೆಳಗಿನ ಮೊದಲ ಬಸ್ಸಿಗೆ ಬುಟ್ಟಿ ಹೊತ್ತು ಬಂದರೆ ದೀಪ ಹಚ್ಚುವ ಹೊತ್ತಿನವರೆಗೆ ಹೊಂಗೆ ಮರದ ಕೆಳಗೆ ಕನಕಾಂಬರ, ಸೇವಂತಿಗೆ ಕಟ್ಟುತ್ತಾ ಮಾರುತ್ತಾ ಕೂತಿರುತ್ತಿದ್ದಳು. ಬಾಯಿ ಜೋರು. ಮೊಳ ಹಾಕುವಾಗ ಕೈ ಉದ್ದ, ಅದಕ್ಕೇ ಗಿರಾಕಿ ಜಾಸ್ತಿ. ನಮ್ಮೂರು ಅಂತ ಬಾಯಲ್ಲಿ ಬಂದರೂ ನಾನೂ ಪಕ್ಕದ ಹಳ್ಳಿಯಿಂದ ಬಸ್ಸಿನಲ್ಲೇ ಬಂದು ಹೋಗುವವಳಾದ್ದರಿಂದ ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಉಣ್ಣುತ್ತಿದ್ದೆವು.

ಹಳ್ಳಿಯಾಗಿದ್ದಾಗ ಬಸ್ ಸ್ಟ್ಯಾಂಡಿನ ಹಿಂದೆ ಗುಂಡುತೋಪಿತ್ತು. ತೋಪಿನ ಆಚೆಗೆ ಕತ್ತಾಳೆ ಬೇಲಿ, ಲಂಟಾನದ ಪೊದೆ. ಹೆಂಗಸರ ಜಾಗ ಅದು. ಗಂಡಸರು ಆ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಹಾವಿತ್ತು, ಮುಳ್ಳಿತ್ತು, ಮಳೆಗಾಲದಲ್ಲಿ ಜಾರಿ ಬಿದ್ದವರೂ ಇದ್ದರು. ಆದರೂ ಒಂದು ಮರೆ ಅಂತ ಇತ್ತು.

ತೊಂಬತ್ತರ ದಶಕದ ನಡುವೆ ನಮ್ಮೂರನ್ನು ಪಟ್ಟಣ ಪಂಚಾಯ್ತಿ ಅಂತ ಮಾಡಿದರು. ರಾತ್ರಿ ಗ್ರಾಮಸ್ಥರಾಗಿ ಮಲಗಿದವರು ಬೆಳಿಗ್ಗೆ ನಾಗರಿಕರಾಗಿ ಎದ್ದರು. ನಾಗರಿಕರಾದ ಮೇಲೆ ಮೊದಲು ಮಾಡಿದ ಕೆಲಸ ಅಂದರೆ ತೋಪು ಕಡಿದದ್ದು. ಪೊದೆ ಇದ್ದರೆ ಸೊಳ್ಳೆ, ಸೊಳ್ಳೆ ಇದ್ದರೆ ಕಾಯಿಲೆ, ಆದ್ದರಿಂದ ಜನರ ಆರೋಗ್ಯಕ್ಕಾಗಿ ಕಡಿಯುತ್ತಿದ್ದೇವೆ ಅಂತ ಮೈಕಿನಲ್ಲಿ ಕೂಗಿಸಿದರು. ಕಡಿದ ಜಾಗದಲ್ಲಿ ಎರಡು ಸಾಲು ಅಂಗಡಿ ಎದ್ದವು. ಬಾರು, ಫೋಟೋ ಸ್ಟುಡಿಯೋ, ಎಸ್‌ಟಿಡಿ ಬೂತು, ಇನ್ನೊಂದು ಬಾರು. ಗಂಡಸರು ಒಂದರಲ್ಲಿ ಕುಡಿದು ಇನ್ನೊಂದರ ಗೋಡೆಗೆ ನಿಲ್ಲುತ್ತಿದ್ದರು, ಅವರಿಗೇನು ತೊಂದರೆ. ಅಂಗಡಿ ಸಾಲಿನ ಹಿಂದೆ ಒಂದು ಮೂಲೆ ಉಳಿದಿತ್ತು, ಸಂಜೆ ಕತ್ತಲಾದ ಮೇಲೆ ನಾವು ಅಲ್ಲಿಗೆ ಹೋಗುತ್ತಿದ್ದೆವು. ಹೆಂಗಸರ ಸುರಕ್ಷತೆಗೆ ಅಂತ ಪಂಚಾಯ್ತಿಯವರು ಅಲ್ಲಿಗೊಂದು ಹಳದಿ ದೀಪದ ಕಂಬ ನೆಟ್ಟರು. ಇದ್ದ ಒಂದಿಷ್ಟು ಕತ್ತಲೆಯೂ ಹೋಯಿತು.

ಆಗ ನಾವು ನೀರು ಬಿಟ್ಟೆವು. ಬೆಳಿಗ್ಗೆ ಮನೆಯಲ್ಲಿ ಒಂದು ಲೋಟ ಕಾಫಿ, ಅಷ್ಟೇ. ಮಧ್ಯಾಹ್ನ ಮುದ್ದೆ ನುಂಗಿದರೆ ಗಂಟಲು ಒದ್ದೆ ಮಾಡಿಕೊಳ್ಳುವಷ್ಟು ಒಂದು ಗುಟುಕು. ಸುಡುವ ಬೇಸಿಗೆಯಲ್ಲಿ ಸರಸಮ್ಮ ಹೂವಿಗೆ ನೀರು ಚಿಮುಕಿಸಿ, ಒದ್ದೆ ಕೈಯನ್ನು ತುಟಿಗೆ ಒರೆಸಿಕೊಂಡು ಕೂರುತ್ತಿದ್ದಳು. ಅವಳ ಹೂವು ಬಾಡುತ್ತಿರಲಿಲ್ಲ. ಅವಳು ಬಾಡುತ್ತಿದ್ದಳು.

ಒಂದು ದಿನ ಹೊಟ್ಟೆ ಹಿಡಿದುಕೊಂಡು ಹೂವಿನ ಬುಟ್ಟಿಯ ಮೇಲೇ ಮುಗ್ಗರಿಸಿದಳು. ಮೈ ಕೆಂಡದಂತೆ ಸುಡುತ್ತಿತ್ತು. ನಾನೇ ಪಾಂಡವಪುರದ ಡಾಕ್ಟರೊಬ್ಬರ ಬಳಿ ಕರೆದುಕೊಂಡು ಹೋದೆ. ಅವರು ಪರೀಕ್ಷೆ ಮಾಡಿ, ಕನ್ನಡಕ ತೆಗೆದು, ಚೆನ್ನಾಗಿ ಬೈದರು.

"ನೀರು ಯಾಕಮ್ಮ ಕುಡಿಯಲ್ಲ ನೀನು? ಮೇಲಿಂದ ಮೂತ್ರ ಬೇರೆ ತಡ್ಕೊಂಡು ಕೂರ್ತೀಯ. ಹೀಗೇ ಮಾಡಿದರೆ ಕಿಡ್ನಿ ಕೆಡುತ್ತೆ. ಆಮೇಲೆ ಮೈಸೂರಿಗೆ ಹೋಗಿ ಕುಯ್ಸಿಕೋಬೇಕಾಗುತ್ತೆ."

"ಕುಡುದ್ರೆ ಎಲ್ಲಿಗೋಗ್ಲಿ ಸಾಮಿ?" ಅಂದಳು ಸರಸಮ್ಮ.

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ಅದು ನನ್ನ ಡಿಪಾರ್ಟ್‌ಮೆಂಟ್ ಅಲ್ಲಮ್ಮ."

ಬಸ್ಸಿನಿಂದ ಇಳಿಯುವಾಗ, "ಯಾರ್ ಡಿಪಾಲ್ಟ್‌ಮೆಂಟು ಅಂತ ನಾಳೀಕೇ ಕೇಳ್ತೀನಿ ಕಣ್ ಸುಧಾ" ಅಂದಳು.

ಹೊನ್ನಪ್ಪನವರು ದಿನಾ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ದರ್ಬಾರು ನಡೆಸುತ್ತಿದ್ದರು. ದೊಡ್ಡ ಹಿಡುವಳಿದಾರರ ಮನೆತನ, ಕಬ್ಬು, ಭತ್ತ, ಡೈರಿ, ಈಗ ಅಧ್ಯಕ್ಷಗಿರಿ. ಕೆಟ್ಟ ಮನುಷ್ಯ ಅಲ್ಲ. ಯಾರು ಏನು ಕೇಳಿದರೂ "ಮಾಡ್ಸವಾ ಬುಡು" ಅನ್ನುತ್ತಿದ್ದರು. ಆಮೇಲೆ ಬಿಟ್ಟುಬಿಡುತ್ತಿದ್ದರು. ಸರಸಮ್ಮ ಸುತ್ತಲೂ ಜನ ಇರುವ ಹೊತ್ತು ನೋಡಿಕೊಂಡೇ ಹೋದಳು.

"ಗೌಡ್ರೆ, ನಿಮ್ಮವ್ವ ಬೆಳಿಗ್ಗಿಂದ ಬೈಗಿನಗಂಟ ಈ ಮರದಡೀಲಿ ಕುಂತಿದ್ರೆ ಒಂದಕ್ಕೆ ಎಲ್ಲಿಗೋಗೋರು?"

ಹೊನ್ನಪ್ಪನವರು ಇಡ್ಲಿ ನುಂಗಲೂ ಆಗದೆ ಉಗುಳಲೂ ಆಗದೆ ಕೂತರು.

"ಏನಮ್ಮಿ ಇದು, ತಿಂಡಿ ತಿನ್ನೋ ಒತ್ನಲ್ಲಿ. ಮಾಡ್ಸವಾ ಬುಡು."

"ಬುಡಕ್ಕಿಲ್ಲ ಗೌಡ್ರೆ. ನಾಳೀಕೂ ಬತ್ತೀನಿ."

ಮರುದಿನ ಬಂದಳು, ಅದರ ಮರುದಿನವೂ ಬಂದಳು. ಹೊನ್ನಪ್ಪನವರು ಹೋಟೆಲು ಬದಲಾಯಿಸಿದರು. ಇವಳು ಅಲ್ಲಿಗೂ ಹೋದಳು. ಕೊನೆಗೆ ಮನೆಯಲ್ಲೇ ಇಡ್ಲಿ ಮಾಡಿಸಿಕೊಂಡರೆ, ಮನೆಗೆ ಪೂಜೆಯ ಹೂ ಕೊಡುವವಳೂ ಇವಳೇ. ಅವ್ವನನ್ನು ಎಷ್ಟು ಸಲ ಅಂತ ಬೀದಿಯಲ್ಲಿ ಕೂರಿಸಿಕೊಳ್ಳುತ್ತಾರೆ ಪಾಪ. ಆ ವರ್ಷವೇ ಬಸ್ ಸ್ಟ್ಯಾಂಡಿನ ಪಕ್ಕ ಮಹಿಳಾ ಶೌಚಾಲಯ ಮಂಜೂರಾಯಿತು.

ಕಂಟ್ರಾಕ್ಟು ಹಿಡಿದವನು ಅವರ ಭಾಮೈದ ತಿಮ್ಮರಾಜು. ಅದಕ್ಕೆ ಮುಂಚೆ ಇದೇ ತಿಮ್ಮರಾಜು ಕಟ್ಟಿದ್ದ ಬಸ್ಸಿನ ತಂಗುದಾಣ ಮೊದಲ ಮಳೆಗೇ ಕೂತುಬಿಟ್ಟಿತ್ತು. ಪುಣ್ಯಕ್ಕೆ ಕೆಳಗೆ ಒಂದು ಕರು ಬಿಟ್ಟರೆ ಯಾರೂ ಇರಲಿಲ್ಲ, ಆ ಕರು ಕೂಡ ಇವನಿಗಿಂತ ಚುರುಕಾಗಿದ್ದು ಹಾರಿಕೊಂಡಿತು. ಸಿಮೆಂಟಿಗಿಂತ ಮರಳು ಜಾಸ್ತಿ ಅಂತ ಮಕ್ಕಳಿಗೂ ಗೊತ್ತಿತ್ತು. ಆದರೆ ತಿಮ್ಮರಾಜು ಕಂಡುಹಿಡಿದ ಕಾರಣವೇ ಬೇರೆ.

"ಪೂಜೆ ಮಾಡ್ಸದೆ ಓಪನಿಂಗ್ ಮಾಡುದ್ರಲ್ಲ ಭಾವ, ಅದ್ಕೇ ಅಂಗಾಗಿದ್ದು. ಈ ಸಲ ಗೃಹಪ್ರವೇಶ ಮಾಡ್ದಂಗೇ ಮಾಡ್ಬೇಕು. ದೇವ್ರ ಕಾರ್ಯದಲ್ಲಿ ಕೈ ಇಡೀಬಾರ್ದು."

ಸಿಮೆಂಟಿನಲ್ಲಿ ಹಿಡಿದ ಕೈಯನ್ನು ಪೂಜೆಯಲ್ಲಿ ಸಡಿಲ ಬಿಟ್ಟ. ಹೊರಗೆ ಗುಲಾಬಿ ಬಣ್ಣದ ಟೈಲ್ಸು, ಬಾಗಿಲಿಗೆ ಮಾವಿನ ತೋರಣ, ಹೊಸ್ತಿಲಿಗೆ ಅರಿಶಿನ. ತಿಮ್ಮರಾಜು ಒತ್ತಾಯ ಮಾಡಿದ್ದಕ್ಕೆ ಅವನ ಅಕ್ಕ, ಹೊನ್ನಪ್ಪನವರ ಹೆಂಡತಿ ಚಿಕ್ಕಬೋರಮ್ಮ, ತಮ್ಮ ದೇವರ ಮನೆಯಿಂದಲೇ ಚೌಕಟ್ಟು ಹಾಕಿಸಿದ ಲಕ್ಷ್ಮಿ ಫೋಟೋ ತಂದು ಒಳಗೋಡೆಗೆ ಹಾಕಿಸಿದರು. ಎಲ್ಲಿ ಹಾಕಿಸಿದರು ಅಂತ ಕೇಳಬೇಡಿ. ಒಳಗೆ ಕಾಲಿಟ್ಟರೆ ನೇರ ಎದುರಿಗೇ.

ನಾವು ಹೆಂಗಸರು ನೋಡಿ ನಗಬೇಕಿತ್ತು. ನಗಲಿಲ್ಲ, ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆವು. ಹೊಸ ಕಟ್ಟಡ ಅಂದ ಮೇಲೆ ಹಾಲು ಉಕ್ಕಿಸಬೇಕು, ಯಾರು ಉಕ್ಕಿಸಬೇಕು ಅಂತ ಮಾತು ಬಂತು. ಚಿಕ್ಕಬೋರಮ್ಮ ದೊಡ್ಡ ಮನಸ್ಸು ಮಾಡಿದರು.

"ಸರಸಿ, ನಿನ್ನಿಂದ್ಲೇ ಆಗಿದ್ದು ಕಣಮ್ಮಿ. ನೀನೇ ಉಕ್ಕಿಸು ಬಾ."

ಗಂಡ ಹೋದ ಹೆಂಗಸನ್ನು ಅಂಥ ಶುಭಕ್ಕೆ ಯಾರೂ ಕರೆದಿರಲಿಲ್ಲ. ಸರಸಮ್ಮನ ಕಣ್ಣು ತುಂಬಿತು. ಮೂರು ಇಟ್ಟಿಗೆ ಇಟ್ಟು, ಒಲೆ ಹೂಡಿ, ಹೊಸ ಮಡಕೆಯಲ್ಲಿ ಹಾಲು ಇಟ್ಟಳು. ಹಾಲು ಪೂರ್ವಕ್ಕೇ ಉಕ್ಕಿತು. ಸೋಬಾನೆ ಹೇಳಿದರು. ಹಸು ಕರುವನ್ನು ಒಳಗೆ ನುಗ್ಗಿಸಿದರು, ಹಸು ಅಲ್ಲೇ ಗಂಜಲ ಹೊಯ್ಯಿತು, ಎಲ್ಲರೂ ತಲೆಗೆ ಚಿಮುಕಿಸಿಕೊಂಡರು. ಆ ಕಟ್ಟಡವನ್ನು ಕಟ್ಟಿದ ಉದ್ದೇಶಕ್ಕೆ ಬಳಸಿದ ಮೊದಲ ಜೀವ ಅದು. ಬಹಳ ದಿನ ಅದೊಂದೇ ಆಗಿ ಉಳಿಯಿತು.

ಮಾರನೇ ದಿನ ಸರಸಮ್ಮ ಹುರುಪಿನಲ್ಲಿ ಎರಡು ಲೋಟ ನೀರು ಕುಡಿದಳು. ಮಧ್ಯಾಹ್ನ ಚೊಂಬು ಹಿಡಿದು, ಹೂವಿನ ಬುಟ್ಟಿ ನನಗೆ ಒಪ್ಪಿಸಿ ಹೋದಳು. ಬಾಗಿಲ ಮುಂದೆ ಚಪ್ಪಲಿ ಬಿಟ್ಟಳು. ಅವಳು ಚಪ್ಪಲಿ ಬಿಟ್ಟದ್ದು ನೋಡಿಯೇ ನನಗೆ ಗೊತ್ತಾಯಿತು, ಕೆಲಸ ಕೆಟ್ಟಿತು ಅಂತ. ಒಳಗೆ ಹೋದವಳು ಹೋದಷ್ಟೇ ಬೇಗ ಆಚೆ ಬಂದಳು, ಕೈ ಮುಗಿದುಕೊಂಡು.

"ಏನಕ್ಕ?"

"ಆಲುಕ್ಕಿಸಿದ ಜಾಗ ಕಣ್ ಸುಧಾ. ರಂಗೋಲಿ ಇನ್ನೂ ಅಂಗೇ ಐತೆ. ಆ ತಾಯಿ ನನ್ನೇ ನೋಡ್ತಾವ್ಳೆ. ಎಂಗೆ ಕೂರ್ಲಿ ನಾನು?"

ಇದೆಂಥ ಮಡ್ಡಿ ಅಂತ ನನಗೆ ಮೈ ಉರಿಯಿತು. ನಾನು ಹತ್ತನೇ ಕ್ಲಾಸು ಓದಿದವಳು, ಇಂಥದ್ದಕ್ಕೆಲ್ಲ ಬಗ್ಗುವವಳಲ್ಲ ಅಂತ ಚೊಂಬು ಕಿತ್ತುಕೊಂಡು ಹೋದೆ. ಎರಡು ನಿಮಿಷದಲ್ಲಿ ನಾನೂ ಆಚೆ ಬಂದೆ. ಹಣೆಯಲ್ಲಿ ಕುಂಕುಮ ಇತ್ತು.

ಆಮೇಲಿನ ಕತೆ ಕೇಳಿ. ಶುಕ್ರವಾರ ಶುಕ್ರವಾರ ಅಲ್ಲಿ ಪೂಜೆ ಶುರುವಾಯಿತು. ಪಂಚಾಯ್ತಿಯ ಕಾವಲುಗಾರ ಕುಳ್ಳಯ್ಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾಲು ತೊಳೆದವರನ್ನು ಮಾತ್ರ ಒಳಗೆ ಬಿಡುತ್ತಿದ್ದ. ಡ್ರೈವರುಗಳು ಮೊದಲ ಟ್ರಿಪ್ಪಿಗೆ ಮುಂಚೆ ಊದುಬತ್ತಿ ಹಚ್ಚುತ್ತಿದ್ದರು. ಶೌಚಾಲಯ ಅನ್ನುವ ಹೆಸರೇ ಹೋಗಿ 'ಬಸ್ ಸ್ಟ್ಯಾಂಡ್ ಲಕ್ಷ್ಮಿ' ಅಂತಾಯಿತು. ಪರೀಕ್ಷೆ ಬರೆಯುವ ಹುಡುಗರು ಹರಕೆ ಹೊತ್ತುಕೊಂಡರು, ಪಾಸೂ ಆದರು. ಹೂವಿನ ವ್ಯಾಪಾರ ಸರಸಮ್ಮನಿಗೆ ಹಿಂದೆಂದೂ ಇಲ್ಲದಷ್ಟು ಕುದುರಿತು. ಕಕ್ಕಸಿನ ದೇವರಿಗೆ ಹೂ ಮಾರುತ್ತಾ, ಕಕ್ಕಸಿಗೆ ಹೋಗದೆ, ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಫೋಟೋ ತೆಗೆಸಿ ಅಂತ ಹೊನ್ನಪ್ಪನವರನ್ನು ಕೇಳಿದ್ದೂ ಆಯಿತು. "ಕುಂತ ಲಕ್ಷ್ಮೀನ ಎಬ್ಬುಸ್ತಾರೇನಮ್ಮಿ?" ಅಂದುಬಿಟ್ಟರು. ಪಕ್ಕದಲ್ಲಿದ್ದ ತಿಮ್ಮರಾಜು ಎರಡೂ ಕೆನ್ನೆ ಬಡಿದುಕೊಂಡ.

ಮಳೆಗಾಲ ಕಳೆಯುವಷ್ಟರಲ್ಲಿ ಅವಳಿಗೆ ಮತ್ತೆ ಜ್ವರ ಬಂತು. ಚಳಿ ಬಂದು ಹಲ್ಲು ಕಟಕಟ ಅನ್ನುತ್ತಿತ್ತು. ಮೂತ್ರದಲ್ಲಿ ರಕ್ತ ಕಾಣಿಸಿತು. ಪಾಂಡವಪುರದ ಡಾಕ್ಟರು ಈ ಸಲ ಬೈಯಲೂ ಇಲ್ಲ. "ಬಸ್ ಸ್ಟ್ಯಾಂಡಲ್ಲಿ ಕೂರೋದು ಬಿಡು. ಇಲ್ಲ ಅಂದ್ರೆ ಕಿಡ್ನಿ ಬಿಡು. ಎರಡರಲ್ಲಿ ಒಂದು" ಅಂದರು. ಹೂವು ಬಿಟ್ಟರೆ ಅವಳಿಗೆ ಬೇರೆ ಅನ್ನ ಇರಲಿಲ್ಲ. ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಅವಳು ಸದ್ದಿಲ್ಲದೆ ಅತ್ತಳು. ನನಗೆ ಆ ಗುಲಾಬಿ ಟೈಲ್ಸಿನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅದೇ ಹೊತ್ತಿಗೆ ನಮ್ಮ ಪಟ್ಟಣಕ್ಕೆ ಪ್ರಶಸ್ತಿ ಬಂತು. ಯಾವುದೋ ಸಮಿತಿಯವರು ಜೀಪಿನಲ್ಲಿ ಬಂದು ಊರೂರಿನ ಶೌಚಾಲಯ ನೋಡುತ್ತಾ ಹೋಗಿದ್ದರು. ಮೂಗಿಗೆ ಕರ್ಚೀಫು ಹಿಡಿದೇ ಇಳಿದವರು ನಮ್ಮಲ್ಲಿ ಕರ್ಚೀಫು ತೆಗೆದರಂತೆ. ಒಂದು ಕಲೆ ಇಲ್ಲ, ಒಂದು ನೊಣ ಇಲ್ಲ, ಗಮ್ಮನೆ ಊದುಬತ್ತಿ ವಾಸನೆ. ಲಕ್ಷ್ಮಿಗೂ ಕೈ ಮುಗಿದು, ಇದೇ ಎಲ್ಲಕ್ಕಿಂತ ಶುಚಿಯಾದ ಸಾರ್ವಜನಿಕ ಶೌಚಾಲಯ ಅಂತ ಬರೆದುಕೊಂಡು ಹೋದರು. ಯಾರೂ ಹೋಗದ ಕಕ್ಕಸು ಶುಚಿಯಾಗಿರದೆ ಇನ್ನೇನಾಗಿರುತ್ತದೆ?

ಸಮಾರಂಭಕ್ಕೆ ಬಸ್ ಸ್ಟ್ಯಾಂಡಿನಲ್ಲೇ ಶಾಮಿಯಾನ ಹಾಕಿದರು. ಶೌಚಾಲಯದ ಪಕ್ಕವೇ ವೇದಿಕೆ, ವೇದಿಕೆಯ ಮುಂದೆ ತೆರೆದ ಚರಂಡಿ, ಚರಂಡಿಗೆ ಅಡ್ಡಲಾಗಿ ಒಂದು ಜಮಖಾನ. ಹಾರಗಳನ್ನು ಕಟ್ಟುವ ಕೆಲಸ ಸರಸಮ್ಮನಿಗೇ ಬಿತ್ತು. ಅವಳು ಹಾರ ತಂದಳು. ಜೊತೆಗೆ ಒಂದು ಮೊರವನ್ನೂ ತಂದಿದ್ದಳು, ಮೇಲೆ ಬಟ್ಟೆ ಮುಚ್ಚಿತ್ತು. ಕೆಳಗೆ ಏನಿದೆ ಅಂತ ನನಗೂ ಹೇಳಲಿಲ್ಲ. ಮುಖ ಬಿಳಿಚಿಕೊಂಡಿತ್ತು, ಆದರೆ ಬೆಳಿಗ್ಗೆ ಮನೆಯಲ್ಲಿ ಹೊಟ್ಟೆ ತುಂಬ ನೀರು ಕುಡಿದು ಬಂದಿದ್ದಳು. ಅದನ್ನು ಮಾತ್ರ ಹೇಳಿದಳು.

ಮುಖ್ಯ ಅತಿಥಿಯಾಗಿ ಬಂದಿದ್ದ ಅಧಿಕಾರಿ ತಡವಾಗಿ ಬಂದು, ಉದ್ದಕ್ಕೆ ಮಾತಾಡಿದರು. ಆರೋಗ್ಯವೇ ಭಾಗ್ಯ ಅಂದರು. ಇಂಥ ಶೌಚಾಲಯವನ್ನು ನಾನು ಎಲ್ಲೂ ಕಂಡಿಲ್ಲ, ನಾಗರಿಕರು ಇದನ್ನು ಹೀಗೆಯೇ ಉಳಿಸಿಕೊಂಡು ಹೋಗಬೇಕು ಅಂದರು. ಹೊನ್ನಪ್ಪನವರು ತಲೆ ಆಡಿಸಿದರು. ತಿಮ್ಮರಾಜು ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದ.

ಚಪ್ಪಾಳೆ ನಡೆದಿರುವಾಗಲೇ ಸರಸಮ್ಮ ಎದ್ದು ಮೊರ ಹಿಡಿದು ಶೌಚಾಲಯದ ಒಳಗೆ ಹೋದಳು. ಪೂಜೆಗೆ ಹೋದಳು ಅಂತಲೇ ಎಲ್ಲರೂ ತಿಳಿದರು. ಕುಳ್ಳಯ್ಯ ತಾನೇ ಬೀಗ ತೆಗೆದುಕೊಟ್ಟ. ಒಳಗಿನಿಂದ ಬರುವಾಗ ಅವಳ ಎದೆಗೆ ಅವಚಿಕೊಂಡಂತೆ ಲಕ್ಷ್ಮಿ ಫೋಟೋ ಇತ್ತು, ಅದಕ್ಕೆ ಹೊಸ ಕುಂಕುಮ, ಒಂದು ಮೊಳ ಮಲ್ಲಿಗೆ. ಮೊರದಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ವೀಳ್ಯದೆಲೆ, ಹಸಿರು ಕಣ. ಆ ರವಿಕೆ ಕಣವನ್ನು ಹಿಂದಿನ ದಿನ ನನ್ನ ಅಂಗಡಿಯಿಂದಲೇ ಒಯ್ದಿದ್ದಳು, ಯಾರಿಗೆ ಅಂತ ನಾನು ಕೇಳಿರಲಿಲ್ಲ.

ನೇರ ಮುಂದಿನ ಸಾಲಿನಲ್ಲಿ ಕೂತಿದ್ದ ಚಿಕ್ಕಬೋರಮ್ಮನವರ ಎದುರು ನಿಂತಳು.

"ಚಿಕ್ಕಬೋರಕ್ಕ, ಇವ್ಳು ನಿಮ್ಮನೆ ಮಗಳು. ಬಂದು ಬಾಳ ದಿನ ಆಯ್ತು. ನಾವೂ ನಮ್ ಕೈಲಾದಷ್ಟು ನೋಡ್ಕಂಡ್ವಿ. ಮಡ್ಲಕ್ಕಿ ತಂದಿವ್ನಿ, ತವರ್ಗೆ ಕರ್ಕಂಡೋಗಿ."

ಮೈಕು ಗೊರ್ ಅಂತು. ಹೊನ್ನಪ್ಪನವರು ವೇದಿಕೆಯಿಂದ, "ಏಯ್ ಸರಸಮ್ಮ, ಏನ್ ಮಾಡ್ತಿದ್ದೀಯ" ಅಂದರು. ಆದರೆ ಗಂಡಸರಿಗೆ ಇದರಲ್ಲಿ ಬಾಯಿ ಹಾಕಲು ಜಾಗ ಎಲ್ಲಿದೆ? ಮನೆಮಗಳನ್ನು ಮಡಿಲು ತುಂಬಿ ಕಳಿಸಿದರೆ ಬೇಡ ಅನ್ನುವ ಹೆಂಗಸು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ಚಿಕ್ಕಬೋರಮ್ಮ ಎದ್ದು ನಿಂತರು. ಒಂದು ಗಳಿಗೆ ಫೋಟೋ ನೋಡಿದರು, ಒಂದು ಗಳಿಗೆ ಸರಸಮ್ಮನ ಬಿಳಿಚಿದ ಮುಖ ನೋಡಿದರು. ಆಮೇಲೆ ಸೆರಗು ಒಡ್ಡಿದರು. ಅಕ್ಕಿ, ಬೆಲ್ಲ ಎಲ್ಲವೂ ಆ ಸೆರಗಿಗೆ ಬಿತ್ತು, ಲಕ್ಷ್ಮಿ ಅವರ ಕಂಕುಳಿಗೆ ಹೋದಳು. ಆಗ ಅವರು ಬಗ್ಗಿ ಸರಸಮ್ಮನ ಕಿವಿಯಲ್ಲಿ ಒಂದು ಮಾತು ಹೇಳಿದರು. ಪಕ್ಕದಲ್ಲೇ ಇದ್ದ ನನಗೂ ಕೇಳಿಸಿತು.

"ಬಿರ್ನೆ ಓಗ್ಬಾರಮ್ಮಿ. ಬೆಳಿಗ್ಗಿಂದ ಕುಂತಿವ್ನಿ ಇಲ್ಲಿ. ನೀನ್ ಬಂದ್ಮೇಲೆ ನಾನು."

ಸರಸಮ್ಮ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಈ ಸಲ ಚಪ್ಪಲಿ ಬಿಡಲಿಲ್ಲ. ಅಧಿಕಾರಿ ತಮ್ಮ ಕುರ್ಚಿಗೆ ಹೋಗಿ ಕೂತು ನೀರು ಕುಡಿದರು. ಊರಿಗೆ ಊರೇ ಒಂದು ಮುಚ್ಚಿದ ಬಾಗಿಲನ್ನು ನೋಡುತ್ತಾ ಕೂತಿತ್ತು. ಸ್ವಲ್ಪ ಹೊತ್ತಿಗೆ ಒಳಗೆ ಒಂದು ಬಕೀಟು ನೀರು ಸುರಿದ ಸದ್ದು ಕೇಳಿಸಿತು. ಅದರ ಹಿಂದೆಯೇ ವೇದಿಕೆಯ ಬುಡದಲ್ಲಿದ್ದ ಒಂದು ಕೊಳವೆ ಗುಳುಗುಳು ಅಂದು, ಜಮಖಾನದ ಕೆಳಗಿನ ಚರಂಡಿಗೆ ಎಲ್ಲವನ್ನೂ ಬಿಟ್ಟಿತು. ಜಮಖಾನ ನೆನೆಯಿತು. ಅಧಿಕಾರಿ ಎರಡೂ ಕಾಲನ್ನು ಕುರ್ಚಿಯ ಮೇಲಕ್ಕೆ ಎಳೆದುಕೊಂಡರು.

"ಲೇ ತಿಮ್ಮ," ಅಂದರು ಹೊನ್ನಪ್ಪನವರು, ಮೈಕು ಚಾಲೂ ಇರುವುದೂ ಮರೆತು, "ಗುಂಡಿ ಎಲ್ಲೋ?"

"ಅದು ಭಾವ... ಆಲುಕ್ಕಿಸಿದ್ಮೇಲೆ ಯಾರ್ ಓಯ್ತಾರೆ ಅಂತ..."

ತಿಮ್ಮರಾಜುವಿನ ಭಕ್ತಿ ಎಲ್ಲಿಂದ ಉಕ್ಕಿತ್ತು ಅನ್ನುವುದು ಆಗ ಇಡೀ ಊರಿಗೆ ಗೊತ್ತಾಯಿತು. ಗುಂಡಿ ತೋಡದೆ ಬಿಲ್ಲು ಬರೆಸಿದವನು, ಯಾರೂ ಕೂರಬಾರದು ಅಂತ ದೇವರನ್ನೇ ಕಾವಲಿಗೆ ಕೂರಿಸಿದ್ದ. ನನ್ನ ಕೈ ಚಪ್ಪಲಿಗೆ ಹೋಗಿದ್ದು ನಿಜ. ಹೊಡೆಯಲಿಲ್ಲ, ಏಕೆಂದರೆ ಅಷ್ಟರಲ್ಲಿ ಸರಸಮ್ಮ ಆಚೆ ಬಂದಳು, ಚಿಕ್ಕಬೋರಮ್ಮ ಲಕ್ಷ್ಮಿಯನ್ನು ಗಂಡನ ಕೈಗೆ ಕೊಟ್ಟು ಒಳಗೆ ಹೋದರು, ಅವರ ಹಿಂದೆ ಸಾಲು ನಿಂತಿತು, ಸಾಲಿನಲ್ಲಿ ನಾನೂ ಇದ್ದೆ.

ಆ ಚರಂಡಿ ಇಳಿಜಾರು ಹಿಡಿದು ಹೊನ್ನಪ್ಪನವರ ಮನೆಯ ಮುಂಬಾಗಿಲ ಮುಂದೆಯೇ ಹರಿಯುತ್ತದೆ. ಊರಿನ ಹೆಂಗಸರೆಲ್ಲ ಎರಡು ದಿನ ಅದನ್ನು ತುಂಬಿಸಿದರು. ಮೂರನೆಯ ದಿನ ಗುಂಡಿ ತೋಡಲು ಆಳುಗಳು ಬಂದರು, ತಿಮ್ಮರಾಜು ತಾನೇ ಗುದ್ದಲಿ ಹಿಡಿದಿದ್ದ. ಯಾವ ಅರ್ಜಿಯೂ ಇಷ್ಟು ಬೇಗ ಅಧ್ಯಕ್ಷರ ಮನೆ ತಲುಪಿದ್ದನ್ನು ನಾನು ಕಂಡಿಲ್ಲ. ಕಟ್ಟಡಕ್ಕೆ ಈಗ ಪ್ರಶಸ್ತಿ ಬರುವುದಿಲ್ಲ. ವಾಸನೆ ಬರುತ್ತದೆ, ಕುಳ್ಳಯ್ಯ ದಿನಾ ಬೈದುಕೊಂಡು ತೊಳೆಯುತ್ತಾನೆ. ಪರೀಕ್ಷೆಯಲ್ಲಿ ಹುಡುಗರು ಫೇಲಾಗುತ್ತಾರೆ.

ಗುಂಡಿಯ ಕೆಲಸ ಮುಗಿಸಿ ಮೇಲೆ ಚಪ್ಪಡಿ ಹಾಕಿದ ದಿನ ಮಧ್ಯಾಹ್ನ ಬಿಸಿಲು ಚುರ್ ಅನ್ನುತ್ತಿತ್ತು. ನಾವು ಹೊಂಗೆ ಮರದ ಕೆಳಗೆ ಮುದ್ದೆ ಉಣ್ಣುತ್ತಿದ್ದೆವು. ಸರಸಮ್ಮ ಹೂವಿಗೆ ಚಿಮುಕಿಸಲು ತಂದಿದ್ದ ಚೊಂಬನ್ನು ಎತ್ತಿಕೊಂಡಳು. ಹೋಟೆಲಿನಲ್ಲಿ ಕೂತಿದ್ದ ಹೊನ್ನಪ್ಪನವರು ನೋಡುತ್ತಿದ್ದರು. ಅವಳು ತಲೆ ಹಿಂದಕ್ಕೆ ಹಾಕಿ, ಗಂಟಲು ಕಾಣುವ ಹಾಗೆ, ಆ ಚೊಂಬಿನ ನೀರನ್ನು ಪೂರ್ತಿ ಕುಡಿದಳು.